ಕೆರೆ ಮೇಲೆ, ನೀರು ಕೆಳಗೆ

“ಸಾರ್, ಇದ್ರ ತಲೆ ಯಾವ್ದು, ಕಾಲು ಯಾವ್ದು?”

ಬೈರಪ್ಪ ಕೇಳಿದ್ದು ಇಷ್ಟೇ. ಹದಿನಾಲ್ಕು ವರ್ಷದಿಂದ ಅದೇ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿರುವ ಮನುಷ್ಯ, ಕೇಳಬೇಕಾದ್ದನ್ನೇ ಕೇಳಿದ. ಅವನ ಕೈಯಲ್ಲಿ ಆರು ಹಿತ್ತಾಳೆ ಗೆರೆಗಳು ಒಂದರ ಕೆಳಗೊಂದು ಕೂತಿದ್ದವು, ಕೆಲವು ಇಡಿಯಾಗಿ, ಕೆಲವು ನಡುವೆ ತುಂಡಾಗಿ. “ಅಕ್ಷರದ ಮೊಳೆಗಾದ್ರೆ ಒಂದು ಕಚ್ಚು ಇರುತ್ತೆ, ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತೆ. ಇದು ಬರೀ ಗೆರೆ ಸಾರ್. ಹಿಂಗಿಟ್ರೆ ಒಂದು ಚಿತ್ರ, ಹಂಗಿಟ್ರೆ ಇನ್ನೊಂದು. ನೀವು ಯಾವ ಕಡೆಯಿಂದ ಎಣಿಸಿದ್ರಿ?” ಮೇಲಿಂದ ಕೆಳಕ್ಕೆ, ಇನ್ನೆಲ್ಲಿಂದ ಎಣಿಸುತ್ತಾರೆ ಮಾರಾಯ, ಎಂದು ಹೇಳಲು ಪದ್ಮನಾಭ ಬಾಯಿ ತೆರೆದ. ಅಷ್ಟರಲ್ಲಿ, ಈ ಗೆರೆಗಳ ಚಿತ್ರವಿದ್ದ ಚೀನೀ ಶಕುನದ ಪುಸ್ತಕದಲ್ಲಿ ಪುಟಪುಟಕ್ಕೂ ‘ಕೆಳಗಿನ ಮೊದಲನೇ ಗೆರೆ’ ಎಂದು ಬರುತ್ತಿತ್ತಲ್ಲ, ಅದು ನೆನಪಾಯಿತು. ಆ ಮಾತು ಎದುರಾದಾಗಲೆಲ್ಲ, ಚೀನೀಯರ ಭಾಷೆಯಿಂದ ಇಂಗ್ಲಿಷಿಗೆ ತಂದ ಪುಣ್ಯಾತ್ಮನಿಗೆ ಮೇಲೆ ಕೆಳಗೆ ತಿಳಿಯದು ಎಂದು ಅವನು ಮನಸ್ಸಿನಲ್ಲೇ ನಕ್ಕು ಮುಂದೆ ಹೋಗಿದ್ದ. ಈಗ ಆ ನಗು ಎಲ್ಲಿಂದಲೋ ತಿರುಗಿ ಬಂದು ಅವನ ಮುಖಕ್ಕೇ ಬಡಿಯಿತು. ಭಾನುವಾರ ಸಂಜೆ ಎದುರು ಮನೆಯ ಶಿವಗಂಗಮ್ಮನವರ ಬಾವಿಯ ಬಗ್ಗೆ ಹೇಳಿದ್ದು, ಮುಚ್ಚಿಸಿಬಿಡಿ ಎಂದು ದೊಡ್ಡ ಜ್ಞಾನಿಯ ಹಾಗೆ ಕಣ್ಣು ಮುಚ್ಚಿ ಹೇಳಿದ್ದು, ಎಲ್ಲವೂ ತಲೆಕೆಳಗು. ಇವತ್ತು ಮಂಗಳವಾರ. ಅವರು ಇವತ್ತೇ ಆ ಕೆಲಸ ಮುಗಿಸುವವರಿದ್ದರು.

ಪದ್ಮನಾಭನ ಕಸುಬು ಕರಡು ತಿದ್ದುವುದು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಈ ಪ್ರೆಸ್ಸಿನಲ್ಲಿ ಕಿಟಕಿಯ ಪಕ್ಕದ ಮೇಜು ಅವನದು. ಅವನು ತಿದ್ದಿದ ಸಾವಿರ ತಪ್ಪುಗಳನ್ನು ಯಾರೂ ಕಂಡವರಿಲ್ಲ, ಬಿಟ್ಟ ಒಂದೇ ತಪ್ಪನ್ನು ಊರೇ ನೋಡುತ್ತದೆ. ಮೂರು ವರ್ಷದ ಹಿಂದೆ ಒಂದು ಮದುವೆ ಕರೆಯೋಲೆಯಲ್ಲಿ ಗಂಡಿನ ತಂದೆಯ ಹೆಸರು ಹೆಣ್ಣಿನ ಕಡೆ, ಹೆಣ್ಣಿನ ತಂದೆಯ ಹೆಸರು ಗಂಡಿನ ಕಡೆ ಹೋಗಿಬಿಟ್ಟು, ಎರಡು ಮನೆಯವರೂ ಪ್ರೆಸ್ಸಿಗೆ ಬಂದು ಕೂತಿದ್ದರು. ಮಾಲೀಕ ವೆಂಕಟರಮಣಪ್ಪ ಅವರೆದುರಿಗೆ ಅವನನ್ನು ಕರೆದು, ಬೈಯದೆ, ಬರೀ ಕರೆಯೋಲೆಯನ್ನು ತೋರಿಸಿ ನಿಂತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ಅದಲುಬದಲಾದ ಯಾವುದನ್ನು ಕಂಡರೂ ಅವನ ಪೆನ್ಸಿಲು ತಾನಾಗಿಯೇ ಆ ಬಳ್ಳಿಯಂಥ ಗುರುತನ್ನು ಎಳೆದುಬಿಡುತ್ತಿತ್ತು, ಮೇಲಿನದು ಕೆಳಗೆ, ಕೆಳಗಿನದು ಮೇಲೆ. ತಿದ್ದಿದ್ದೇ ತಪ್ಪು ಎಂದು ಆಮೇಲೆ ತಿಳಿದರೆ ಅದಕ್ಕೂ ಒಂದು ಗುರುತುಂಟು, ಪದದ ಕೆಳಗೆ ಚುಕ್ಕೆ ಇಟ್ಟು ಅಂಚಿನಲ್ಲಿ ‘ಇದ್ದ ಹಾಗೇ ಇರಲಿ’ ಎಂದು ಬರೆಯುವುದು. ಆ ಚುಕ್ಕೆಗಳನ್ನು ಇಡಲು ಅವನಿಗೆ ಪ್ರಾಣಸಂಕಟ. ತಿದ್ದುವವನೇ ತಪ್ಪಿದ ಎಂದು ಒಪ್ಪಿಕೊಂಡ ಹಾಗಲ್ಲವೇ ಅದು, ಅದೂ ಬರವಣಿಗೆಯಲ್ಲಿ.

ಆ ಪುಸ್ತಕ ಅವನಿಗೆ ಸಿಕ್ಕಿದ್ದು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ. ರಟ್ಟಿಲ್ಲ, ಹೆಸರಿನ ಪುಟವಿಲ್ಲ, ಮೊದಲ ಹದಿನಾರು ಪುಟ, ಅಂದರೆ ಸರಿಯಾಗಿ ಒಂದು ಫಾರಂ, ಹಾರಿಹೋಗಿದೆ. ಕೊನೆಯಲ್ಲಿ, ಕಾಸು ಹಾಕಿ ಶಕುನದ ಗೆರೆ ಪಡೆಯುವ ವಿಧಾನ ಹೇಳುವ ಹಾಳೆ ಅರ್ಧ ಹರಿದಿದೆ. ಕಳೆದುಹೋದ ಫಾರಂನಲ್ಲೇ ಓದುವ ಕ್ರಮ ಇರುತ್ತದೆ ಎಂದು ಪ್ರೆಸ್ಸಿನವನಾದ ಅವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಏಕೆಂದರೆ ಉಳಿದದ್ದು ಅಷ್ಟು ಚೆನ್ನಾಗಿತ್ತು. ಮೂರು ಗೆರೆ ಸೇರಿದರೆ ಒಂದು ಗುರುತು. ಅಂಥವು ಎಂಟು: ಆಕಾಶ, ಭೂಮಿ, ಗುಡುಗು, ನೀರು, ಬೆಟ್ಟ, ಬೆಂಕಿ, ಕೆರೆ, ಮತ್ತೆ ಗಾಳಿ, ಗಾಳಿಯ ಗುರುತೇ ಮರದ್ದೂ ಹೌದು. ಒಂದರ ಮೇಲೆ ಒಂದನ್ನಿಟ್ಟರೆ ಆರು ಗೆರೆಯ ಒಂದು ಚಿತ್ರ, ಆ ಚಿತ್ರಕ್ಕೊಂದು ಮಾತು. ಸಾವಿರಾರು ವರ್ಷದ ಹಿಂದೆ ಯಾರೋ ಕೂತು ಬೆಟ್ಟದ ಕೆಳಗೆ ಗುಡುಗಿದರೆ ಏನರ್ಥ, ಕೆರೆಯ ಮೇಲೆ ಗಾಳಿ ಬೀಸಿದರೆ ಏನರ್ಥ ಎಂದು ಯೋಚಿಸಿದ್ದರಲ್ಲ, ಆ ನಿಧಾನ ಅವನಿಗೆ ಬಹಳ ಹಿಡಿಸಿತು. ರಾತ್ರಿ ಊಟವಾದ ಮೇಲೆ ಅದನ್ನೇ ಹಿಡಿದು ಕೂತರೆ ಹೆಂಡತಿ ಅನಂತಲಕ್ಷ್ಮಿ, “ಚೀನಾದೋರ ಮನೆ ಗಾಳಿ ಮಳೆ ವಿಚಾರ ಆಮೇಲೆ ನೋಡೋರಂತೆ, ನಮ್ಮನೆ ಕಿಟಕಿ ಚಿಲಕ ಹಾಕಿ ಬನ್ನಿ” ಅನ್ನುತ್ತಿದ್ದಳು. ಮುಂದಿನ ವರ್ಷದ ಕ್ಯಾಲೆಂಡರಿನ ಹಿಂಬದಿಗೆ ಏನಾದರೂ ಹೊಸದು ಬೇಕು ಎಂದು ವೆಂಕಟರಮಣಪ್ಪನವರು ಹುಡುಕುತ್ತಿದ್ದಾಗ ಪದ್ಮನಾಭ ಇದನ್ನು ಬರೆದುಕೊಡುತ್ತೇನೆ ಅಂದ. ಅವರು ಒಪ್ಪಿದರು. “ಚೀನಾ ಅಂತ ಮಾತ್ರ ಹಾಕ್ಬೇಡಿ, ಅರವತ್ತೆರಡರ ಯುದ್ಧ ಇನ್ನೂ ಜನ ಮರೆತಿಲ್ಲ. ಪೂರ್ವದೇಶ ಅಂತ ಹಾಕಿ.” ಒಂದೇ ಒಂದು ಕಡೆ ಪದ್ಮನಾಭನಿಗೆ ಪುಸ್ತಕ ಸರಿಬೀಳಲಿಲ್ಲ. ಭೂಮಿ ಮೇಲಿದ್ದು ಆಕಾಶ ಕೆಳಗಿದ್ದರೆ ಅದು ಸುಖಶಾಂತಿಯ ಚಿತ್ರವಂತೆ. ಭೂಮಿಯ ಭಾರ ಇಳಿಯುತ್ತದೆ, ಆಕಾಶ ಏರುತ್ತದೆ, ಎರಡೂ ಒಂದನ್ನೊಂದು ಸಂಧಿಸುತ್ತವೆ ಎಂದು ಏನೇನೋ ಸಬೂಬು ಬೇರೆ ಕೊಟ್ಟಿದ್ದರು. ಅಚ್ಚಿನ ತಪ್ಪನ್ನು ಮುಚ್ಚಲು ಹೇಳುವ ಸಬೂಬುಗಳು ಅವನಿಗೆ ಗೊತ್ತಿಲ್ಲವೇ. ಪೆನ್ಸಿಲು ತೆಗೆದು ಅದಲುಬದಲಿನ ಬಳ್ಳಿ ಎಳೆದುಬಿಟ್ಟಿದ್ದ.

ಶಿವಗಂಗಮ್ಮನವರು ಪದ್ಮನಾಭನಿದ್ದ ವಠಾರದಲ್ಲೇ ಎದುರು ಮನೆಯವರು, ಪ್ರೈಮರಿ ಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು. ಚಿತ್ರದುರ್ಗದ ಕಡೆಯವರು, ಹಿಂದೆ ಮುಂದೆ ಯಾರೂ ಇಲ್ಲ. ವಠಾರದ ಹನ್ನೊಂದು ಮನೆಗೆ ಒಂದೇ ನಲ್ಲಿ. ಇಪ್ಪತ್ತೆರಡು ವರ್ಷ ಬೆಳಗಾಗುವ ಮುಂಚೆ ಎದ್ದು ಆ ನಲ್ಲಿಯ ಮುಂದೆ ಕೊಡ ಇಟ್ಟವರು. ಕಾವೇರಿ ನೀರು ಬರುತ್ತದೆ, ಬರುತ್ತದೆ ಎಂದು ಪೇಪರಿನಲ್ಲಿ ಓದಿ ಓದಿ ಸಾಕಾಗಿ, ಮಾರೇನಹಳ್ಳಿಯ ಹತ್ತಿರ ತೆಗೆದುಕೊಂಡಿದ್ದ ಸೈಟಿನಲ್ಲಿ ಮನೆಗಿಂತ ಮೊದಲು ಬಾವಿ ತೋಡಿಸಲು ಹೊರಟಿದ್ದರು. “ನನ್ನ ಹಗ್ಗ, ನನ್ನ ಕೊಡ, ನನ್ನ ನೀರು. ರಿಟೈರಾದ ಮಾರನೇ ದಿನ ಎಂಟು ಗಂಟೆಗೆ ಎದ್ದು ಸೇದ್ಕೋತೀನಿ” ಎಂದು ಅವರು ಹೇಳುವಾಗ ಐವತ್ತೇಳರ ಆ ಮುಖ ಸ್ಕೂಲು ಬಿಟ್ಟ ಮಗುವಿನದಾಗುತ್ತಿತ್ತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವನೊಬ್ಬ ಬಂದು, ಕಾಯಿ ಎದ್ದು ನಿಂತ ಕಡೆ ಗುರುತು ಮಾಡಿಕೊಟ್ಟ. ಬಾವಿ ತೋಡುವ ದೊಡ್ಡಹನುಮಯ್ಯ ನಲವತ್ತು ಅಡಿ ಇಳಿದ. ಒಂದು ಹನಿ ನೀರಿಲ್ಲ, ಒಣಗಿದ ಕೆಂಪು ಮಣ್ಣು, ಅದರ ಕೆಳಗೆ ಬಿಳಿ ಮಣ್ಣು, ಅದೂ ಒಣಗಿದ್ದೇ.

ಭಾನುವಾರ ಸಂಜೆ ಅವರು ಪದ್ಮನಾಭನ ಮನೆಯ ಚಾಪೆಯ ಮೇಲೆ ಬಂದು ಕೂತು, “ಪದ್ಮನಾಭಯ್ನೋರೇ, ಅದೇನೋ ಚೀನಾ ಶಾಸ್ತ್ರ ನೋಡ್ತೀರಂತಲ್ಲ, ನನ್ನ ಬಾವಿಗೂ ಒಂದು ಕೇಳಿ. ಮುಂದೆ ಅಗೆಸ್ಲೋ, ಮಣ್ಣು ಹಾಕಿ ಮುಚ್ಚಿಸ್ಲೋ” ಅಂದರು. ಅವರಿಗೆ ಅದು ಅರ್ಧ ತಮಾಷೆ. ಅವನಿಗೆ ಮಾತ್ರ ಮೈಯೆಲ್ಲ ಬಿಸಿಯಾಯಿತು. ಅವನನ್ನು ಯಾರಾದರೂ ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತು. ಮೊದಲು ಮೂರು ಇಡೀ ಗೆರೆ ಎಳೆದು, ಇದು ಆಕಾಶ ಅಂದ. ಅವರು ತಮ್ಮ ಹಣೆ ಮುಟ್ಟಿಕೊಂಡು, “ಇದು ನಮ್ಮ ವಿಭೂತಿ ಅಲ್ವೇ? ಬೆವರಿ ನಡುವಿನ ಗೆರೆ ಮಧ್ಯಕ್ಕೆ ಅಳಿಸಿದ್ರೆ ಏನಾಗುತ್ತೆ?” ಎಂದು ಕೇಳಿದರು. ಬೆಂಕಿಯಾಗುತ್ತದೆ ಎಂದು ಅವನು ಗಂಭೀರವಾಗಿ ಹೇಳಿದ. “ಅದಕ್ಕೇ ಮಕ್ಕಳು ಹೆದರ್ತಾರೆ” ಎಂದು ಅವರು ನಕ್ಕರು. ಅನಂತಲಕ್ಷ್ಮಿಯೂ ಒಳಗಿನಿಂದ ನಕ್ಕಳು. ಅವನಿಗೆ ಸಿಟ್ಟು ಬಂತು. ಶಿವಗಂಗಮ್ಮನವರ ಕೈಯಲ್ಲಿ ಮೂರು ಹಳೆಯ ತೂತುಕಾಸು ಕೊಟ್ಟ, ಚೀನಾದ ಕಾಸಿಗೂ ಹೀಗೇ ತೂತಿರುತ್ತದಂತೆ ಎಂದು ಅಜ್ಜಿಯ ಡಬ್ಬಿಯಿಂದ ಹುಡುಕಿ ಇಟ್ಟುಕೊಂಡದ್ದು. ಅವರು ಆರು ಸಲ ಹಾಕಿದರು, ಕಾಸು ಬಿದ್ದ ಹಾಗೆ ಇಡಿಯಾಗಿಯೋ ತುಂಡಾಗಿಯೋ ಅವನು ಆರು ಗೆರೆ ಬರೆದುಕೊಂಡ, ಮೊದಲನೆಯದನ್ನು ಮೇಲೆ ಬರೆದು, ಕೊನೆಯದನ್ನು ಕೆಳಗೆ. ಕೆರೆ ಮೇಲೆ, ನೀರು ಕೆಳಗೆ ಎಂದು ಬಂತು. ಅದರ ಹೆಸರು ಬಳಲಿಕೆ. ಕಣ್ಣು ಮುಚ್ಚಿ, “ಟೀಚರಮ್ಮ, ಕೆರೆ ಮೇಲಿದೆ, ನೀರು ಕೆಳಗಿದೆ. ಅಂದ್ರೆ ಇದು ಬತ್ತಿದ ಕೆರೆ. ಮುಚ್ಚಿಸಿಬಿಡಿ” ಅಂದ. ಅವರ ಮುಖದ ನಗು ನಿಂತುಹೋಯಿತು. ಆ ಕ್ಷಣ ಅವನಿಗೆ ಸಂತೋಷವಾಯಿತು. ಹೌದು, ಆಯಿತು, ಸುಳ್ಳೇಕೆ. ಇವತ್ತು ಬೆಳಿಗ್ಗೆ ನಲ್ಲಿಯ ಹತ್ತಿರ, “ರಜಾ ಹಾಕಿದೀನಿ. ಬಾವಿ ಕೆಲಸ ಇವತ್ತು ಮುಗಿಸಿಬಿಡ್ತೀನಿ” ಎಂದು ಅವರು ಹೇಳಿದಾಗಲೂ ತನ್ನ ಮಾತು ನಡೆಯಿತು ಎಂಬ ದೊಡ್ಡಸ್ತಿಕೆಯಲ್ಲೇ ತಲೆಯಾಡಿಸಿದ್ದ.

ಬೈರಪ್ಪ ಇನ್ನೂ ಗೆರೆ ಹಿಡಿದು ನಿಂತೇ ಇದ್ದ. ಪದ್ಮನಾಭ ಚೀಲದಿಂದ ಪುಸ್ತಕ ತೆಗೆದು, ಅದರಲ್ಲೇ ಮಡಿಸಿಟ್ಟಿದ್ದ ಭಾನುವಾರದ ಚೀಟಿಯನ್ನು ಮೇಜಿನ ಮೇಲೆ ತಲೆಕೆಳಗು ಮಾಡಿ ಇಟ್ಟ. ಈಗ ಕೆಳಗೆ ಮರದ ಗುರುತು, ಮೇಲೆ ನೀರಿನ ಗುರುತು. ಮರದ ಕೊಡ ಆಳಕ್ಕಿಳಿದು ನೀರನ್ನು ಮೇಲಕ್ಕೆ ತರುತ್ತದೆ ಎಂದು ಪುಸ್ತಕ ಹೇಳುವ ಚಿತ್ರ. ಪುಟ ತಿರುವಿದ. ಅದರ ಹೆಸರು ಏನೆಂದು ಅವನಿಗೆ ಗೊತ್ತೇ ಇತ್ತು, ಆದರೂ ನೋಡಿದ. ಬಾವಿ. ಅರವತ್ತನಾಲ್ಕು ಚಿತ್ರಗಳಲ್ಲಿ ಬಾವಿ ಎಂಬ ಹೆಸರಿನದು ಒಂದೇ ಒಂದು, ಬಾವಿಯ ಬಗ್ಗೆ ಕೇಳಿದ ಹೆಂಗಸಿಗೆ ಅದೇ ಬಂದಿತ್ತು, ಅದನ್ನು ತಲೆಕೆಳಗೆ ಹಿಡಿದು ಮುಚ್ಚಿಸಿಬಿಡಿ ಅಂದವನು ತಾನು. ಮೂರು ತೂತುಕಾಸಿಗೆ ಭೂಮಿಯ ಹೊಟ್ಟೆಯೊಳಗಿನದು ತಿಳಿಯುತ್ತದೆ ಎಂದು ಅವನು ನಂಬಿದವನಲ್ಲ. ಆದರೆ ನಂಬದವನು ಮುಚ್ಚಿಸಿ ಎಂದು ಹೇಳಿದ್ದು ಯಾವ ಬಾಯಿಂದ? ಅವನು ಎದ್ದ. “ಬೈರಪ್ಪ, ನಿನ್ನ ಸೈಕಲ್ ಕೊಡು. ಯಜಮಾನ್ರು ಕೇಳಿದ್ರೆ ಹೊಟ್ಟೆನೋವು ಅಂತ ಹೇಳು.” “ಸೀಟು ಎತ್ತರ ಸಾರ್, ನಿಮಗೆ ಕಾಲು ಎಟಕಲ್ಲ,” ಅಂದ ಬೈರಪ್ಪ. “ಅಷ್ಟಕ್ಕೂ ತಲೆ ಯಾವ್ದು ಅಂತ ಹೇಳಲೇ ಇಲ್ವಲ್ಲ ನೀವು.” “ಕೆಳಗಿಂದ ಕಣಯ್ಯ, ಕೆಳಗಿಂದ. ಗೋಡೆ ಕಟ್ಟೋ ಹಾಗೆ.”

ಕಾಲು ಎಟುಕಲಿಲ್ಲ. ಕಾರ್ಡ್ ರೋಡಿನಲ್ಲಿ ಅವನು ಸೀಟಿನ ಆ ಕಡೆಗೂ ಈ ಕಡೆಗೂ ಜಾರುತ್ತ ತುಳಿದ. ಬಿಸಿಲು ಚೆನ್ನಾಗಿ ಏರಿತ್ತು. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಒಂದೇ ಚಿತ್ರ, ಮಂಕರಿ ಮಂಕರಿ ಮಣ್ಣು ಬಾವಿಯೊಳಕ್ಕೆ ಬೀಳುತ್ತಿದೆ, ಪಕ್ಕದಲ್ಲಿ ಶಿವಗಂಗಮ್ಮನವರು ಕೈ ಕಟ್ಟಿಕೊಂಡು ನಿಂತಿದ್ದಾರೆ, ರಿಟೈರಾದ ಮೇಲೂ ಅವರು ನಲ್ಲಿಯ ಮುಂದೆ ಅದೇ ಕೊಡ ಇಡಬೇಕು, ಅದೇ ಕತ್ತಲಲ್ಲಿ. ಅವನು ಅವರಿಗೆ ಏನೆಂದು ಹೇಳಬೇಕು? ಟೀಚರಮ್ಮ, ನಾನು ಚೀಟಿ ತಲೆಕೆಳಗೆ ಹಿಡಿದಿದ್ದೆ ಎಂದೇ? ಒಂದನೇ ಕ್ಲಾಸಿನ ಮಕ್ಕಳು ಪುಸ್ತಕ ತಲೆಕೆಳಗೆ ಹಿಡಿದು ಓದಿದರೆ ಅವರು ಏನು ಮಾಡುತ್ತಾರೋ. ಮಾಗಡಿ ರಸ್ತೆ ದಾಟುವಲ್ಲಿ ಚೈನು ಕಳಚಿತು. ಕೂತು ಹಾಕಿದ, ಎರಡೂ ಕೈ ಕಪ್ಪಾಯಿತು, ಬೆವರು ಒರೆಸಿಕೊಂಡು ಮುಖವೂ ಕಪ್ಪಾಯಿತು. ಸೊಪ್ಪು ಮಾರುವವಳೊಬ್ಬಳು ನಿಂತು ನೋಡಿ, “ಸ್ವಾಮಿ, ಮೂಗಿನ ಮೇಲೂ ಆಯ್ತು” ಎಂದು ಹೇಳಿ ಹೋದಳು. ಅಷ್ಟು ಅವಸರದಲ್ಲೂ ಅವನಿಗೆ ನಗು ಬಂತು. ತನ್ನ ಜೀವಮಾನದಲ್ಲಿ ಒಂದು ತಪ್ಪು ತಿದ್ದಲು ಹೀಗೆ ಓಡಿದ್ದು ಇದೇ ಮೊದಲು ಎನ್ನಿಸಿತು. ಮದುವೆ ಕರೆಯೋಲೆ ತಪ್ಪಿದಾಗ ಅವನು ಎದ್ದು ಎರಡು ಹೆಜ್ಜೆ ಕೂಡ ಇಟ್ಟಿರಲಿಲ್ಲ, ತಲೆ ತಗ್ಗಿಸಿ ನಿಂತಿದ್ದ, ಅಷ್ಟೇ. ಈಗ ಕಾಲುಗಳು ತಾವಾಗಿಯೇ ತುಳಿಯುತ್ತಿದ್ದವು.

ಮಾರೇನಹಳ್ಳಿಯ ಸೈಟುಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ ಎದ್ದಿತ್ತು. ದೂರದಿಂದಲೇ ಮಣ್ಣಿನ ಗುಡ್ಡೆ ಕಂಡಿತು, ಅದರ ಸುತ್ತ ಜನ, ಒಬ್ಬ ಮಂಕರಿ ಎತ್ತಿ ಸುರಿಯುತ್ತಿದ್ದ. ಪದ್ಮನಾಭ ಸೈಕಲ್ಲು ಬಿಸಾಕಿ, “ಮುಚ್ಬೇಡಿ, ಮುಚ್ಬೇಡಿ, ತಲೆಕೆಳಗಾಗಿದೆ” ಎಂದು ಕೂಗುತ್ತ ಓಡಿದ. ಎಲ್ಲರೂ ತಿರುಗಿ ನೋಡಿದರು. ಮಂಕರಿ ಹಿಡಿದವನು ಹಾಗೆಯೇ ನಿಂತ. ಸೊಂಟಕ್ಕೆ ಹಗ್ಗ ಸುತ್ತಿಕೊಂಡಿದ್ದ ದೊಡ್ಡಹನುಮಯ್ಯ ಮೇಲಿಂದ ಕೆಳಗೆ ಅವನನ್ನು ನೋಡಿ, “ಯಾರ್ ಸ್ವಾಮಿ ಮುಚ್ತಿರೋದು? ಮೈಮೇಲೆ ನೀರು ಬಿದ್ದು ಮೇಲಕ್ ಬಂದಿದೀವಿ, ಮುಚ್ಬೇಡಿ ಅಂತೀರಲ್ಲ” ಅಂದ. ಆಗ ಪದ್ಮನಾಭ ಕೆಳಗೆ ನೋಡಿಕೊಂಡ. ಅವನ ಕಾಲು ಚಪ್ಪಲಿಸಮೇತ ಕಣಕಾಲಿನವರೆಗೆ ಹೂತಿತ್ತು. ಆ ಮಣ್ಣು ಒದ್ದೆಯಾಗಿತ್ತು. ಸುರಿಯುತ್ತಿದ್ದದ್ದು ಬಾವಿಯ ಒಳಕ್ಕಲ್ಲ, ಬಾವಿಯಿಂದ ಹೊರಕ್ಕೆ.

“ಬನ್ನಿ ಬನ್ನಿ, ನಿಮ್ಮನ್ನೇ ನೆನೆಸ್ಕೋತಿದ್ದೆ” ಎನ್ನುತ್ತ ಶಿವಗಂಗಮ್ಮನವರು ಬಂದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಕೈಯಲ್ಲಿ ಬೆಲ್ಲದ ತಟ್ಟೆ. ಹಣೆಯ ಮೇಲಿನ ವಿಭೂತಿಯ ಮೇಲಿನ ಗೆರೆ ಬೆವರಿಗೆ ನಡುವೆ ಅಳಿಸಿ, ಕೆಳಗಿನ ಎರಡು ಇಡಿಯಾಗಿ ಉಳಿದಿದ್ದವು. ಕೆಳಗಿಂದ ಓದಿದ ಪದ್ಮನಾಭ: ಇಡೀ, ಇಡೀ, ಮುರಿದ. ಕೆರೆ. ಕೆರೆಯ ಗುರುತಿಗೆ ಆ ಪುಸ್ತಕ ಕೊಡುವ ಇನ್ನೊಂದು ಹೆಸರು ಸಂತೋಷ. “ಇವರೇ ನೋಡು ಹನುಮಯ್ಯ, ಹೇಳಿದ್ನಲ್ಲ, ನೀರು ಕೆಳಗಿದೆ ಅಂತ ಶಾಸ್ತ್ರ ನೋಡಿ ಹೇಳಿದೋರು. ನಿನ್ನೆ ಒಂದು ದಿನ, ಇವತ್ತು ಅರ್ಧ ದಿನ, ಐದೇ ಅಡಿ ನೋಡಿ, ಚಿಲುಮೆ ಚಿಮ್ಮಿಬಿಡ್ತು.” ದೊಡ್ಡಹನುಮಯ್ಯ ಕೈ ಮುಗಿದ. ಅವನ ಹಿಂದೆ ಉಳಿದ ನಾಲ್ವರೂ ಕೈ ಮುಗಿದರು. ಇಲ್ಲಿಯವರೆಗೆ ಯಾರೂ ಅವನಿಗೆ ಹೀಗೆ ಕೈ ಮುಗಿದಿರಲಿಲ್ಲ. ಸುಮ್ಮನೆ ಬೆಲ್ಲ ಬಾಯಿಗೆ ಹಾಕಿಕೊಂಡರೆ ಆಗಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬೆಲ್ಲ ಕೈಯಲ್ಲೇ ಹಿಡಿದು ನಿಂತ.

“ಟೀಚರಮ್ಮ, ನಾನು ಹಾಗೆ ಹೇಳ್ಲಿಲ್ಲ. ಮುಚ್ಚಿಸಿಬಿಡಿ ಅಂದೆ. ಅದೂ ತಪ್ಪು. ನಾನು ಚೀಟಿನೇ ತಲೆಕೆಳಗೆ ಓದಿದ್ದೆ. ಅದನ್ನ ಹೇಳೋಕೆ ಅಂತಲೇ ಓಡಿ ಬಂದೆ.”

ಹೇಳಿದ್ದೇ ತಡ, ಮೈ ಹಗುರಾಯಿತು. ಶಿವಗಂಗಮ್ಮನವರು ಅವನ ಕಪ್ಪು ಮೂಗನ್ನೂ ಕೆಸರು ಕಾಲನ್ನೂ ನೋಡಿದರು. ಬೈಯಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. “ಮುಚ್ಚಿಸಿ ಅಂದ್ರಿ, ಗೊತ್ತು. ಅದು ನಿಮ್ಮ ಮಾತು. ಕೆರೆ ಮೇಲೆ, ನೀರು ಕೆಳಗೆ ಅನ್ನೋದು ಪುಸ್ತಕದ ಮಾತು. ಮನೆಗೆ ಹೋಗಿ ಮಲಗಿ ಯೋಚಿಸ್ದೆ. ಕೆರೇಲಿ ನೀರಿಲ್ಲ ಸರಿ, ಆದ್ರೆ ನೀರು ಎಲ್ಲಿಗೆ ಹೋಯ್ತು? ಕೆಳಗಿದೆ ಅಂತ ಅದೇ ಹೇಳ್ತಿದೆಯಲ್ಲ. ಕೆಳಗಿದ್ರೆ ಇನ್ನೂ ಅಗೀಬೇಕು ತಾನೆ? ಪುಸ್ತಕದ್ದು ಇಟ್ಕೊಂಡೆ, ನಿಮ್ಮದು ಬಿಟ್ಟೆ. ಮೂವತ್ತೈದು ವರ್ಷ ಪೇಪರ್ ತಿದ್ದಿದೀನಿ ಪದ್ಮನಾಭಯ್ನೋರೇ, ಲೆಕ್ಕ ಸರಿ ಮಾಡಿ ಉತ್ತರ ತಪ್ಪು ಬರೆಯೋ ಮಕ್ಕಳನ್ನ ಎಷ್ಟು ನೋಡಿಲ್ಲ.”

ಅವನಿಗೆ ನಗು ತಡೆಯಲಾಗಲಿಲ್ಲ. ಮೊದಲು ಸಣ್ಣಗೆ ಬಂತು, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು ಬಂತು. ತನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಇಷ್ಟು ವರ್ಷ ಕೊರಗಿದ್ದ. ಇವತ್ತು ಕೇಳದೇ ಇದ್ದದ್ದಕ್ಕೆ ಬಾವಿ ಉಳಿದಿತ್ತು, ನೀರು ಬಂದಿತ್ತು. ತಲೆಕೆಳಗಾದ ಚೀಟಿಯನ್ನೂ ಸರಿಯಾದ ಮನಸ್ಸು ಸರಿಯಾಗಿಯೇ ಓದಿತ್ತು. ದೊಡ್ಡಹನುಮಯ್ಯನಿಗೆ ಏನೂ ಅರ್ಥವಾಗದಿದ್ದರೂ ಅವನೂ ನಕ್ಕ. ಪದ್ಮನಾಭ ಬೆಲ್ಲ ಬಾಯಿಗೆ ಹಾಕಿಕೊಂಡ, ಕೈಯ ಮಸಿಯೂ ಸ್ವಲ್ಪ ಒಳಗೆ ಹೋಯಿತು.

“ಬಗ್ಗಿ ನೋಡಿ, ಹುಷಾರು, ಅಂಚು ಜಾರುತ್ತೆ” ಎಂದು ಶಿವಗಂಗಮ್ಮನವರು ಅವನ ತೋಳು ಹಿಡಿದುಕೊಂಡರು. ಅವನು ಬಗ್ಗಿದ. ಮೊದಲು ಕತ್ತಲು ಮಾತ್ರ. ಆಮೇಲೆ ತಣ್ಣನೆಯ ಹಸಿಮಣ್ಣಿನ ವಾಸನೆ ಮುಖಕ್ಕೆ ಬಂತು. ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಂಡು, ತಳದಲ್ಲಿ ತಟ್ಟೆಯಗಲದ ಒಂದು ಬೆಳಕು ಕಂಡಿತು. ಅದು ಅಲುಗಾಡುತ್ತಿತ್ತು. ಅದರಲ್ಲಿ ಒಂದು ತುಂಡು ಮೋಡವೂ ಇತ್ತು. ಅಷ್ಟು ಆಳದಲ್ಲಿ, ಭೂಮಿಯ ಕೆಳಗೆ, ಆಕಾಶ. ಅದರ ಮೇಲೆ ಸುತ್ತಲೂ ಕೆಂಪು ಮಣ್ಣು, ಅದರ ಮೇಲೆ ಅವನ ಕೈ, ಶಿವಗಂಗಮ್ಮನವರ ಕೈ. ಭೂಮಿ ಮೇಲೆ, ಆಕಾಶ ಕೆಳಗೆ. ಅವನು ಉಸಿರು ಬಿಡದೆ ನೋಡಿದ. ಯಾವನೋ ಚೀನಾದವನು, ಸಾವಿರಾರು ವರ್ಷದ ಹಿಂದೆ, ಹೀಗೇ ಹೊಸ ಬಾವಿಗೆ ಬಗ್ಗಿ ನೋಡಿರಬೇಕು.

ಎದ್ದು ಬಂದು ಕಲ್ಲಿನ ಮೇಲೆ ಕೂತು ಚೀಲದಿಂದ ಪುಸ್ತಕ ತೆಗೆದ. ಕಿವಿಯ ಸಂದಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲು ಅಷ್ಟು ಓಡಿದರೂ ಬಿದ್ದಿರಲಿಲ್ಲ. ತಾನು ಬಳ್ಳಿ ಎಳೆದಿದ್ದ ಪುಟ ಹುಡುಕಿದ.

“ಇಲ್ಲೂ ಏನು ಬರೀತಿದೀರಾ?” ಎಂದು ಶಿವಗಂಗಮ್ಮನವರು ಕೇಳಿದರು.

“ಒಂದು ತಪ್ಪು ತಿದ್ದಿದ್ದೆ ಟೀಚರಮ್ಮ. ತಿದ್ದಿದ್ದೇ ತಪ್ಪಾಗಿತ್ತು.”

ಭೂಮಿ ಎಂಬ ಪದದ ಕೆಳಗೆ ಚುಕ್ಕೆ ಇಟ್ಟ, ಆಕಾಶ ಎಂಬ ಪದದ ಕೆಳಗೆ ಚುಕ್ಕೆ ಇಟ್ಟ. ಮಸಿ, ಮಣ್ಣು, ಬೆಲ್ಲ ಮೂರೂ ಮೆತ್ತಿದ ಬೆರಳಿನಿಂದ ಹಾಳೆ ಒತ್ತಿ ಹಿಡಿದು, ಅಂಚಿನಲ್ಲಿ ದುಂಡಗೆ ಬರೆದ: ಇದ್ದ ಹಾಗೇ ಇರಲಿ.